ಆ್ಯಂಟಿವೈರಸ್ ಆಮೇಲೆ, ಮೊದಲು ಒಂದು ಹಾರ್ಡ್‌ಡಿಸ್ಕ್ ಕೊಳ್ಳಿ

ಪ್ರಶ್ನೆ: ನಾವು ಶಿರಸಿ ಸಮೀಪದ ಹಳ್ಳಿಯವರು. ಮನೆಯಲ್ಲಿ 2018ರಲ್ಲಿ ಕೊಂಡ ಡೆಸ್ಕ್‌ಟಾಪ್ ಇದೆ. ಅಂಗಡಿಯವರು ವಿಂಡೋಸ್ 10 ಹಾಕಿಕೊಟ್ಟಿದ್ದರು. ಅಪ್ಪ ‘ನುಡಿ’ ಕನ್ನಡ ತಂತ್ರಾಂಶದಲ್ಲಿ ಟೈಪ್ ಮಾಡಿಟ್ಟ ಮನೆತನದ ಚರಿತ್ರೆ, ತೋಟದ ಲೆಕ್ಕಪತ್ರ, ಹದಿನೈದು ವರ್ಷಗಳ ಫೋಟೊಗಳು, ಮಗಳ ಕಾಲೇಜಿನ ಪ್ರಾಜೆಕ್ಟ್ ಎಲ್ಲವೂ ಅದರಲ್ಲೇ ಇವೆ. ಕೆಲವು ವರ್ಷಗಳ ಹಿಂದೆ ನಮ್ಮ ಪರಿಚಯದವರ ಕಂಪ್ಯೂಟರಿನಲ್ಲಿ ಯಾವ ಕಡತವೂ ತೆರೆಯದಂತಾಗಿ, 980 ಡಾಲರ್ ಕೊಡಿ ಎಂಬ ಚೀಟಿ ಪ್ರತಿ ಫೋಲ್ಡರಿನಲ್ಲೂ ಕಾಣಿಸಿಕೊಂಡಿತ್ತು. ಅವರ ಫೋಟೊಗಳು ಇಂದಿಗೂ ಮರಳಿಲ್ಲ. ಯಾವ ಆ್ಯಂಟಿವೈರಸ್ ಕೊಂಡರೆ ಒಳ್ಳೆಯದು? ವಿಂಡೋಸ್ 10 ಇನ್ನು ನಡೆಯುವುದಿಲ್ಲ ಎನ್ನುತ್ತಾರೆ, ನಿಜವೇ? ಇದರಲ್ಲಿ ನೆಟ್ ಬ್ಯಾಂಕಿಂಗ್ ಮಾಡಬಹುದೇ?

ಉತ್ತರ: ಆ್ಯಂಟಿವೈರಸ್‌ಗೆಂದು ಎತ್ತಿಟ್ಟ ಹಣದಲ್ಲಿ ಮೊದಲು ಹೊರಗಿನಿಂದ ಜೋಡಿಸುವ ಒಂದು ಹಾರ್ಡ್‌ಡಿಸ್ಕ್ ಕೊಳ್ಳಿ. ಒಂದು ಟೆರಾಬೈಟಿನದು ನಿಮ್ಮ ಮನೆಗೆ ಧಾರಾಳವಾಗಿ ಸಾಕು. ಆ್ಯಂಟಿವೈರಸ್ ಬೇಡವೆಂದಲ್ಲ, ವಿಂಡೋಸ್ ಜೊತೆಗೇ ಬರುವ ಡಿಫೆಂಡರ್ ನಿಮ್ಮ ಕಂಪ್ಯೂಟರಿನಲ್ಲಿ ಈಗಾಗಲೇ ಇದೆ, ಮನೆಬಳಕೆಗೆ ಅದು ಸಾಲುತ್ತದೆ. ಆದರೆ ಯಾವ ಆ್ಯಂಟಿವೈರಸ್ ಆದರೂ ಕಳೆದುಹೋದದ್ದನ್ನು ಮರಳಿ ತಂದುಕೊಡಲಾರದು. ಆ ಕೆಲಸ ಮಾಡುವುದು ಇನ್ನೊಂದು ಕಡೆ ಇಟ್ಟ ಪ್ರತಿ ಮಾತ್ರ.

ನಿಮ್ಮ ಪರಿಚಯದವರಿಗೆ ಆದದ್ದೇನು ಎಂಬುದರಿಂದ ಶುರು ಮಾಡುತ್ತೇನೆ, ಏಕೆಂದರೆ ನಿಮ್ಮ ಭಯದ ಮೂಲ ಅದು. 980 ಡಾಲರ್, 72 ಗಂಟೆಯೊಳಗೆ ಸಂಪರ್ಕಿಸಿದರೆ ಅರ್ಧ ಬೆಲೆ ಅಂದರೆ 490 ಡಾಲರ್, ಪ್ರತಿ ಫೋಲ್ಡರಿನಲ್ಲೂ ‘ರೀಡ್‌ಮಿ’ ಎಂಬ ಚೀಟಿ: ಇವು ‘ಸ್ಟಾಪ್’ ಅಥವಾ ‘ಡಿಜೆವಿಯು’ ಎಂದು ಕರೆಯುವ ಸುಲಿಗೆ ತಂತ್ರಾಂಶದ ಗುರುತುಗಳು. ದೊಡ್ಡ ಕಂಪನಿಗಳನ್ನು ಬಿಟ್ಟು ಮನೆಮಂದಿಯನ್ನೇ ಹಿಂಡಿದ ತಂತ್ರಾಂಶವಿದು. ಇದು ಹೆಚ್ಚಾಗಿ ಹರಡಿದ್ದು ‘ಕ್ರ್ಯಾಕ್’ಗಳ ಮೂಲಕ. ಹಣ ಕೊಟ್ಟು ಕೊಳ್ಳಬೇಕಾದ ಫೋಟೊ ತಿದ್ದುವ ತಂತ್ರಾಂಶವನ್ನೋ ಆಟವನ್ನೋ ಪುಕ್ಕಟೆ ತೆರೆಯುವ ಪುಟ್ಟ ಪ್ರೋಗ್ರಾಂ ಎಂದು ಇಳಿಸಿಕೊಂಡರೆ, ಅದರ ಒಡಲಲ್ಲಿ ಇದು ಕುಳಿತಿರುತ್ತದೆ. ಕ್ರ್ಯಾಕ್ ಹಾಕುವವರಿಗೆ ‘ಮೊದಲು ಆ್ಯಂಟಿವೈರಸ್ ಆಫ್ ಮಾಡಿ’ ಎಂಬ ಸೂಚನೆಯೂ ಜೊತೆಗೇ ಬರುತ್ತದೆ. ಮನೆಯವರೇ ಕೈಯಾರೆ ಆಫ್ ಮಾಡಿದ ಮೇಲೆ ಸಾವಿರಾರು ರೂಪಾಯಿಯ ಆ್ಯಂಟಿವೈರಸ್ ಕೂಡ ಏನು ಮಾಡೀತು? ಕಡತಗಳನ್ನು ಕೆಡಿಸುವಾಗ ಅದು ಪರದೆಯ ಮೇಲೆ ವಿಂಡೋಸ್ ಅಪ್‌ಡೇಟ್ ನಡೆಯುತ್ತಿರುವಂತೆ ಸುಳ್ಳು ಚಿತ್ರ ತೋರಿಸುತ್ತದೆ. ಅಪ್‌ಡೇಟ್ ಮುಗಿಯಲಿ ಎಂದು ನಾವು ಕಾಯುತ್ತೇವೆ, ಅಷ್ಟರಲ್ಲಿ ಕೆಲಸ ಮುಗಿದಿರುತ್ತದೆ.

ಅವರ ಹಳೆಯ ಡಿಸ್ಕ್ ಇನ್ನೂ ಇದ್ದರೆ ಎಸೆಯದಂತೆ ಹೇಳಿ. ಈ ತಂತ್ರಾಂಶ ವೇಗಕ್ಕಾಗಿ ಪ್ರತಿ ಕಡತದ ಆರಂಭದ ಸುಮಾರು 150 ಕಿಲೋಬೈಟ್‌ಗಳನ್ನು ಮಾತ್ರ ಗೂಢಲಿಪಿಗೆ ತಿರುಗಿಸುತ್ತದೆ. ಹಾಗಾಗಿ ಮದುವೆ ವಿಡಿಯೊದಂಥ ದೊಡ್ಡ ಕಡತಗಳು ಕೆಲವೊಮ್ಮೆ ದುರಸ್ತಿಯಾಗುತ್ತವೆ. ಅಲ್ಲದೆ, ದಾಳಿಯ ಹೊತ್ತಿಗೆ ಇಂಟರ್‌ನೆಟ್ ಇಲ್ಲದೆ ಅದಕ್ಕೆ ತನ್ನ ಸರ್ವರ್ ಸಿಗದಿದ್ದರೆ, ಒಳಗೇ ಇಟ್ಟುಕೊಂಡ ಒಂದು ಸಾಮಾನ್ಯ ಕೀಲಿಯನ್ನು ಬಳಸಿರುತ್ತದೆ. ಅಂಥ ಕೆಲವು ಕೀಲಿಗಳು ಸಂಶೋಧಕರ ಕೈಸೇರಿವೆ; ಎಂಸಿಸಾಫ್ಟ್ ಸಂಸ್ಥೆಯ ಉಚಿತ ಬಿಡಿಸುವ ಸಾಧನ ಅವನ್ನೇ ಬಳಸುತ್ತದೆ. ಯುರೋಪೋಲ್ ಮತ್ತು ಡಚ್ ಪೊಲೀಸರು ಇತರರ ಜೊತೆ ಸೇರಿ 2016ರಲ್ಲಿ ಆರಂಭಿಸಿದ ‘ನೋ ಮೋರ್ ರ‍್ಯಾನ್ಸಮ್’ ಜಾಲತಾಣದಲ್ಲಿ ಕೆಟ್ಟ ಕಡತದ ಒಂದು ಮಾದರಿಯನ್ನು ಹಾಕಿದರೆ ಅದಕ್ಕೆ ಪರಿಹಾರ ಇದೆಯೇ ಎಂದು ತಿಳಿಯುತ್ತದೆ. ಸುಲಿಗೆಯ ಹಣ ಮಾತ್ರ ಕೊಡಬಾರದು. ಕೊಟ್ಟರೂ ಕಡತ ಬರುತ್ತದೆ ಎಂಬ ಭರವಸೆ ಇಲ್ಲ, ಮುಂದಿನ ಮನೆಗೆ ಕನ್ನ ಹಾಕಲು ಅದೇ ಬಂಡವಾಳವಾಗುತ್ತದೆ. ಇನ್ನೊಂದು ಮಾತು: ಈ ತಂತ್ರಾಂಶದ ಜೊತೆಗೆ ಬಹಳಷ್ಟು ಸಲ ಪಾಸ್‌ವರ್ಡ್ ಕದಿಯುವ ಮತ್ತೊಂದೂ ಬಂದಿರುತ್ತದೆ. ಅವರು ಆಗ ಪಾಸ್‌ವರ್ಡ್‌ಗಳನ್ನು ಬದಲಿಸಿರದಿದ್ದರೆ ಈಗಲಾದರೂ ಬದಲಿಸಲಿ.

ಇನ್ನು ನಿಮ್ಮ ಮನೆಯ ಡಿಸ್ಕ್ ವಿಚಾರ. ಪ್ರತಿ ತೆಗೆದಿಡುವ ಮೊದಲು ಒಂದು ಸಂಜೆ ಕುಳಿತು, ಕಂಪ್ಯೂಟರಿನಲ್ಲಿ ಇರುವುದನ್ನು ಎರಡು ಭಾಗ ಮಾಡಿ: ಮತ್ತೆ ಸಿಗುವುದು, ಮತ್ತೆ ಸಿಗದಿರುವುದು. ಪಹಣಿಯ ಪ್ರತಿ ಭೂಮಿ ತಂತ್ರಾಂಶದಲ್ಲಿ ಮತ್ತೆ ಸಿಗುತ್ತದೆ. ಆಧಾರ್ ಕಾರ್ಡ್ ಮತ್ತೆ ಇಳಿಸಿಕೊಳ್ಳಬಹುದು. ಸಿನಿಮಾ, ಹಾಡು, ತಂತ್ರಾಂಶಗಳ ಚಿಂತೆ ಬೇಡವೇ ಬೇಡ. ಆದರೆ ನಿಮ್ಮ ತಂದೆಯವರು ಬರೆದ ಮನೆತನದ ಚರಿತ್ರೆ ಜಗತ್ತಿನಲ್ಲಿ ಇರುವುದು ಅದೊಂದೇ ಕಡೆ. ಮಗಳ ಬಾಲ್ಯದ ಫೋಟೊಗಳೂ ಹಾಗೆಯೇ. ತೋಟದ ಲೆಕ್ಕವನ್ನು ನೆನಪಿನಿಂದ ಮತ್ತೆ ಬರೆಯಲಾಗದು. ಇವನ್ನೆಲ್ಲ ಒಂದೇ ಫೋಲ್ಡರಿಗೆ ತನ್ನಿ. ಅದರ ಗಾತ್ರ ನೀವು ಅಂದುಕೊಂಡದ್ದಕ್ಕಿಂತ ಚಿಕ್ಕದಾಗಿರುತ್ತದೆ.

ಆ ಫೋಲ್ಡರನ್ನು ಹೊಸ ಡಿಸ್ಕಿಗೆ ನಕಲು ಮಾಡಿ, ಆಮೇಲೆ ಡಿಸ್ಕಿನ ತಂತಿಯನ್ನು ಕಳಚಿ ಕಪಾಟಿನಲ್ಲಿಡಿ. ಕಳಚುವುದೇ ಇಲ್ಲಿ ಮುಖ್ಯ. ಸುಲಿಗೆ ತಂತ್ರಾಂಶ ಕಂಪ್ಯೂಟರಿಗೆ ಜೋಡಿಸಿದ ಎಲ್ಲ ಡಿಸ್ಕುಗಳಿಗೂ ಕೈ ಹಾಕುತ್ತದೆ. ವರ್ಷವಿಡೀ ಸಿಕ್ಕಿಸಿಟ್ಟ ಬ್ಯಾಕಪ್ ಡಿಸ್ಕ್ ಮೂಲದೊಂದಿಗೇ ಹಾಳಾಗುತ್ತದೆ. ನಿಮ್ಮ ಸೀಮೆಯಲ್ಲಿ ಇದಕ್ಕೆ ಎರಡನೆಯ ಕಾರಣವೂ ಇದೆ. ಏಪ್ರಿಲ್, ಮೇ ತಿಂಗಳ ಗುಡುಗು ಮಳೆಯಲ್ಲಿ ಸಿಡಿಲಿಗೆ ಮೋಡೆಮ್, ಮದರ್‌ಬೋರ್ಡ್ ಸುಟ್ಟುಹೋಗುವುದು ಮಲೆನಾಡಿನವರಿಗೆ ಹೊಸದೇನಲ್ಲ. ವಿದ್ಯುತ್ ತಂತಿಯಿಂದಲೂ ದೂರವಾಣಿ ತಂತಿಯಿಂದಲೂ ಅದು ಒಳಗೆ ಬರುತ್ತದೆ. ತಂತಿ ಕಳಚಿದ ಡಿಸ್ಕಿಗೆ ಕಳ್ಳನೂ ತಲುಪಲಾರ, ಆ ತಂತಿಗಳಲ್ಲಿ ಬರುವ ಸಿಡಿಲೂ ತಲುಪಲಾರದು. ಮಳೆಗಾಲದ ತೇವದಲ್ಲಿ ಬೂಸ್ಟು ಹಿಡಿಯದಂತೆ ಡಿಸ್ಕನ್ನು ಮುಚ್ಚಳ ಗಟ್ಟಿಯಿರುವ ಡಬ್ಬಿಯಲ್ಲಿ ಸಿಲಿಕಾ ಜೆಲ್ ಪೊಟ್ಟಣದೊಂದಿಗೆ ಇಡಿ.

ಪೀಟರ್ ಕ್ರೋಗ್ ಎಂಬ ಛಾಯಾಗ್ರಾಹಕರು ಬಳಕೆಗೆ ತಂದ ಒಂದು ಲೆಕ್ಕವಿದೆ: ಮೂರು ಪ್ರತಿ, ಎರಡು ಬಗೆಯ ಸಾಧನ, ಒಂದು ಪ್ರತಿ ಮನೆಯಿಂದ ಹೊರಗೆ. ಕಂಪ್ಯೂಟರಿನಲ್ಲಿ ಇರುವುದು ಒಂದು, ಕಪಾಟಿನ ಡಿಸ್ಕ್ ಎರಡು. ಮೂರನೆಯದಕ್ಕೆ ನಿಮ್ಮ ಇಂಟರ್‌ನೆಟ್ ಚೆನ್ನಾಗಿದ್ದರೆ ಗೂಗಲ್ ಡ್ರೈವ್ ಬಳಸಿ. 15 ಜಿಬಿ ಉಚಿತ. ಬರಹ, ಲೆಕ್ಕಪತ್ರಗಳಿಗೆ ಅದು ಬೇಕಾದಷ್ಟಾಯಿತು, ಫೋಟೊಗಳಿಗೆ ಸಾಲದು. ಫೋಟೊಗಳನ್ನು ಇನ್ನೊಂದು ಡಿಸ್ಕಿಗೆ ಹಾಕಿ ಹುಬ್ಬಳ್ಳಿಯಲ್ಲೋ ಬೆಂಗಳೂರಿನಲ್ಲೋ ಇರುವ ಅಣ್ಣನ ಮನೆಯಲ್ಲೋ ಅಕ್ಕನ ಮನೆಯಲ್ಲೋ ಇಟ್ಟು, ಹಬ್ಬಕ್ಕೆ ಹೋದಾಗ ಬದಲಿಸಿಕೊಂಡು ಬನ್ನಿ. ಅದು ಹಳೆಯ ಕಾಲದ ಉಪಾಯದಂತೆ ಕಂಡರೂ ಗಟ್ಟಿಯಾದದ್ದು. ಒಂದು ಎಚ್ಚರ: ಡ್ರೈವ್, ಒನ್‌ಡ್ರೈವ್‌ಗಳನ್ನು ಕಂಪ್ಯೂಟರಿನ ಫೋಲ್ಡರಿಗೆ ಸಿಂಕ್ ಮಾಡಿಟ್ಟರೆ ಇಲ್ಲಿ ಅಳಿಸಿದ್ದು ಅಲ್ಲೂ ಅಳಿಯುತ್ತದೆ, ಇಲ್ಲಿ ಕೆಟ್ಟದ್ದು ಅಲ್ಲೂ ಕೆಡುತ್ತದೆ. ಹಾಗಾಗಿ ಕಪಾಟಿನ ಡಿಸ್ಕಿಗೆ ಅದು ಬದಲಿ ಅಲ್ಲ.

ನಿಮ್ಮ ತಂದೆಯವರ ಬರಹದ ಬಗ್ಗೆ ಬೇರೆಯಾಗಿಯೇ ಹೇಳಬೇಕು. ಅವರು ಬಳಸಿದ್ದು ಹಳೆಯ ನುಡಿಯ ಫಾಂಟ್ ಆಗಿದ್ದರೆ, ಕಡತದ ಒಳಗೆ ಇರುವುದು ನಿಜವಾಗಿ ಕನ್ನಡ ಅಕ್ಷರಗಳಲ್ಲ. ಇಂಗ್ಲಿಷ್ ಅಕ್ಷರ, ಚಿಹ್ನೆಗಳ ಸಂಕೇತಗಳಿಗೆ ಫಾಂಟ್ ಕನ್ನಡದ ರೂಪ ತೊಡಿಸಿರುತ್ತದೆ. ಆ ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ತೆರೆದರೆ ಅರ್ಥವಿಲ್ಲದ ಗೀಚುಗಳು ಕಾಣಿಸುತ್ತವೆ. ಕಡತ ಸುರಕ್ಷಿತವಾಗಿದ್ದೂ ಓದಲು ಬಾರದಂತಾಗುವುದು ಬಹಳ ನೋವಿನ ಸಂಗತಿ, ಕನ್ನಡದಲ್ಲಿ ಇದು ಎಷ್ಟೋ ಹಸ್ತಪ್ರತಿಗಳಿಗೆ ಆಗಿದೆ. ಆದ್ದರಿಂದ ಮೂಲ ಕಡತದ ಜೊತೆಗೆ ಈಗಲೇ ಒಂದು ಪಿಡಿಎಫ್ ಮಾಡಿಡಿ, ಪಿಡಿಎಫ್ ತನ್ನೊಳಗೇ ಫಾಂಟನ್ನು ಹೊತ್ತುಕೊಳ್ಳುತ್ತದೆ. ಅದನ್ನು ಬೇರೊಂದು ಮೊಬೈಲಿನಲ್ಲಿ ತೆರೆದು ನೋಡಿ. ಬಿಡುವಾದಾಗ ಪರಿವರ್ತಕದಿಂದ ಎಲ್ಲ ಸಾಧನಗಳಲ್ಲೂ ಓದಬಹುದಾದ ಯೂನಿಕೋಡ್ ಸಂಕೇತಕ್ಕೆ ಬದಲಿಸಿ, ಅರ್ಕಾವತ್ತು ಮತ್ತು ಒತ್ತಕ್ಷರಗಳ ಮೇಲೆ ಕಣ್ಣು ಹಾಯಿಸಿ, ತಪ್ಪುಗಳು ನುಸುಳುವುದು ಅಲ್ಲೇ. ಸಾಧ್ಯವಾದರೆ ಒಂದು ಪ್ರತಿ ಮುದ್ರಿಸಿ ಹೊಲಿಸಿಡಿ. ಕಾಗದಕ್ಕೆ ವೈರಸ್ ತಗಲುವುದಿಲ್ಲ.

ತಿಂಗಳಿಗೊಮ್ಮೆ ಪ್ರತಿ ತೆಗೆಯಿರಿ. ತೆಗೆದ ಮೇಲೆ ಡಿಸ್ಕಿನಿಂದಲೇ ನಾಲ್ಕಾರು ಕಡತ ತೆರೆದು ನೋಡಿ. ನಕಲಾಗಿದೆ ಎಂದು ನಂಬಿಕೊಂಡು, ಬೇಕಾದ ದಿನ ಖಾಲಿ ಫೋಲ್ಡರ್ ಕಂಡವರು ತುಂಬಾ ಜನ.

ವಿಂಡೋಸ್ 10ರ ಬಗ್ಗೆ ನೀವು ಕೇಳಿದ್ದು ನಿಜ. 2025ರ ಅಕ್ಟೋಬರ್ 14ಕ್ಕೆ ಮೈಕ್ರೋಸಾಫ್ಟ್ ಅದರ ಸಾಮಾನ್ಯ ಬೆಂಬಲವನ್ನು ನಿಲ್ಲಿಸಿದೆ. ಕಂಪ್ಯೂಟರ್ ಮೊದಲಿನಂತೆಯೇ ಓಡುತ್ತದೆ, ಆದರೆ ಅದರಲ್ಲಿ ಹೊಸದಾಗಿ ಪತ್ತೆಯಾದ ಬಿರುಕುಗಳಿಗೆ, ಅಂದರೆ ಕಳ್ಳರು ನುಗ್ಗಬಹುದಾದ ದೋಷಗಳಿಗೆ, ತೇಪೆ ಹಾಕುವ ಅಪ್‌ಡೇಟ್ ತಾನಾಗಿ ಬರುವುದಿಲ್ಲ. ತೇಪೆಯ ಬೆಲೆ ಏನೆಂದು 2017 ತೋರಿಸಿಕೊಟ್ಟಿತು. ಆ ಮಾರ್ಚ್ 14ರಂದು ಮೈಕ್ರೋಸಾಫ್ಟ್ ಒಂದು ಬಿರುಕಿಗೆ ತೇಪೆ ಕೊಟ್ಟಿತ್ತು; ಮೇ 12ರಂದು ‘ವನ್ನಾಕ್ರೈ’ ಎಂಬ ಸುಲಿಗೆ ತಂತ್ರಾಂಶ ಅದೇ ಬಿರುಕಿನಲ್ಲಿ ನುಗ್ಗಿ 150ಕ್ಕೂ ಹೆಚ್ಚು ದೇಶಗಳಿಗೆ ಹರಡಿತು, ಬ್ರಿಟನ್ನಿನ ಆಸ್ಪತ್ರೆಗಳು ರೋಗಿಗಳನ್ನು ವಾಪಸು ಕಳಿಸಬೇಕಾಯಿತು. ಯಾರೂ ಏನನ್ನೂ ಕ್ಲಿಕ್ ಮಾಡಬೇಕಾಗಿರಲಿಲ್ಲ. ಎರಡು ತಿಂಗಳ ಹಿಂದಿನ ಅಪ್‌ಡೇಟ್ ಹಾಕಿಕೊಂಡವರು ಬಚಾವಾದರು.

ನಿಮಗಿರುವ ದಾರಿಗಳು ಇವು. ‘ಪಿಸಿ ಹೆಲ್ತ್ ಚೆಕ್’ ಎಂಬ ಮೈಕ್ರೋಸಾಫ್ಟಿನ ಉಚಿತ ಪ್ರೋಗ್ರಾಂ ಓಡಿಸಿದರೆ ನಿಮ್ಮ ಕಂಪ್ಯೂಟರ್ ವಿಂಡೋಸ್ 11ಕ್ಕೆ ಒಗ್ಗುತ್ತದೆಯೇ ಎಂದು ಹೇಳುತ್ತದೆ. ಇಂಟೆಲ್ ಪ್ರೊಸೆಸರ್ ಎಂಟನೆಯ ತಲೆಮಾರಿನದ್ದಾಗಿದ್ದರೆ ಸಾಮಾನ್ಯವಾಗಿ ಒಗ್ಗುತ್ತದೆ, 2018ರ ಕಂಪ್ಯೂಟರಿನಲ್ಲಿ ಅದು ಇರಲೂಬಹುದು. ಟಿಪಿಎಂ (ವಿಂಡೋಸ್ 11 ಕೇಳುವ ಭದ್ರತಾ ಚಿಪ್) ಇಲ್ಲ ಎಂದು ತೋರಿಸಿದರೆ ಕೂಡಲೇ ನಿರಾಶರಾಗಬೇಡಿ, ಕಂಪ್ಯೂಟರ್ ಶುರುವಾಗುವಾಗ ತೆರೆಯಬಹುದಾದ ಸೆಟ್ಟಿಂಗ್ಸ್ ಆದ ಬಯೋಸ್‌ನಲ್ಲಿ ಅದು ಬರೀ ಆಫ್ ಆಗಿರುವುದು ಸಾಮಾನ್ಯ. ಒಗ್ಗದಿದ್ದರೆ, ವಿಂಡೋಸ್ ಅಪ್‌ಡೇಟ್ ಪುಟದಲ್ಲೇ ವಿಸ್ತರಿತ ಭದ್ರತಾ ಅಪ್‌ಡೇಟ್‌ಗಳಿಗೆ ಹೆಸರು ನೋಂದಾಯಿಸಿ. ಮೈಕ್ರೋಸಾಫ್ಟ್ ಖಾತೆಯಲ್ಲಿ ಸೈನ್ ಇನ್ ಆಗಿ ಸೆಟ್ಟಿಂಗ್ಸ್ ಬ್ಯಾಕಪ್ ಆನ್ ಮಾಡಿದರೆ ಹಣ ಕೊಡಬೇಕಿಲ್ಲ. ಈ ಯೋಜನೆಯನ್ನು 2026ರ ಅಕ್ಟೋಬರ್ 13ರವರೆಗೆಂದು ಪ್ರಕಟಿಸಲಾಗಿತ್ತು. ಮೂರನೆಯದು, ವಿಂಡೋಸ್ ಬದಲಿಗೆ ಹಾಕಬಹುದಾದ ಉಚಿತ ಕಾರ್ಯಾಚರಣ ವ್ಯವಸ್ಥೆ ಲಿನಕ್ಸ್ ಮಿಂಟ್. ಬರವಣಿಗೆ, ಇಂಟರ್‌ನೆಟ್, ಫೋಟೊ ಇಷ್ಟೇ ಕೆಲಸವಾದರೆ ಹಳೆಯ ಯಂತ್ರಕ್ಕೆ ಇದು ಹೊಸ ಜೀವ ಕೊಡುತ್ತದೆ, ನುಡಿಗೆ ಒಗ್ಗಿದ ಕೈಗೆ ಅಲ್ಲೂ ಅದೇ ಅಕ್ಷರ ವಿನ್ಯಾಸದ ಕೆಜಿಪಿ ಕೀಲಿಮಣೆ ಸಿಗುತ್ತದೆ.

ಆದರೆ ‘ಅಂಗಡಿಯವರು ಹಾಕಿಕೊಟ್ಟಿದ್ದರು’ ಎಂದಿದ್ದೀರಿ. ಬಿಲ್ಲಿನಲ್ಲಿ ವಿಂಡೋಸ್‌ಗೆ ಬೇರೆ ಬೆಲೆ ಹಾಕಿದ್ದಾರೆಯೇ ನೋಡಿ. ಇಲ್ಲದಿದ್ದರೆ ಅದನ್ನು ಕೆಎಂಎಸ್ ಆ್ಯಕ್ಟಿವೇಟರ್ ಎಂಬ ಕಳ್ಳ ಉಪಕರಣದಿಂದ ಸಕ್ರಿಯಗೊಳಿಸಿರುವ ಸಾಧ್ಯತೆ ಇದೆ. ಇವನ್ನು ಓಡಿಸಲು ಡಿಫೆಂಡರನ್ನು ಆಫ್ ಮಾಡಬೇಕಾಗುತ್ತದೆ. ‘ಕೆಎಂಎಸ್‌ಪಿಕೊ’ ಹೆಸರಿನಲ್ಲಿ ಪಾಸ್‌ವರ್ಡ್ ಕಳ್ಳ ತಂತ್ರಾಂಶ ಹಂಚಿದ್ದು 2021ರಲ್ಲಿ ಬಯಲಾಗಿದೆ. ವಿಂಡೋಸ್ ಸೆಕ್ಯುರಿಟಿ ತೆರೆದು ‘ಎಕ್ಸ್‌ಕ್ಲೂಷನ್ಸ್’ ಪಟ್ಟಿ ನೋಡಿ. ಇಡೀ ಸಿ ಡ್ರೈವನ್ನೋ ಯಾವುದೋ ಗೊತ್ತಿಲ್ಲದ ಫೋಲ್ಡರನ್ನೋ ಅಲ್ಲಿ ಸೇರಿಸಿದ್ದರೆ, ನಿಮ್ಮ ಕಾವಲುಗಾರನಿಗೆ ಅಲ್ಲಿ ನೋಡಬೇಡ ಎಂದು ಯಾರೋ ಹೇಳಿಟ್ಟಿದ್ದಾರೆ ಎಂದೇ ಅರ್ಥ. ಅಂಥ ಕಂಪ್ಯೂಟರಿನಲ್ಲಿ ನೆಟ್ ಬ್ಯಾಂಕಿಂಗ್ ಮಾಡಬೇಡಿ. ಮುಖ್ಯ ಕಡತಗಳ ಪ್ರತಿ ತೆಗೆದುಕೊಂಡು, ಎಲ್ಲ ಅಳಿಸಿ, ಅಸಲಿ ವಿಂಡೋಸನ್ನೋ ಲಿನಕ್ಸನ್ನೋ ಹಾಕಿಸಿ.

ಈಗಿನ ಕಳ್ಳರು ಬಿರುಕು ಹುಡುಕುವುದಕ್ಕಿಂತ ಹೆಚ್ಚಾಗಿ ನಮ್ಮ ಕೈಯಿಂದಲೇ ಬಾಗಿಲು ತೆಗೆಸುತ್ತಾರೆ. ಅವರ ಎರಡು ಉಪಾಯಗಳನ್ನು ಮನೆಯವರಿಗೆಲ್ಲ ತೋರಿಸಿಕೊಡಿ, ವಿಶೇಷವಾಗಿ ಮಗಳಿಗೆ. ಮೊದಲನೆಯದು: ಯಾವುದೋ ಜಾಲತಾಣದಲ್ಲಿ ‘ನೀವು ರೋಬಾಟ್ ಅಲ್ಲವೆಂದು ಖಚಿತಪಡಿಸಿ’ ಎಂಬ ಪೆಟ್ಟಿಗೆ ಬರುತ್ತದೆ. ಕ್ಲಿಕ್ ಮಾಡಿದರೆ ಮೂರು ಹೆಜ್ಜೆ ಹೇಳುತ್ತದೆ: ವಿಂಡೋಸ್ ಕೀಲಿ ಮತ್ತು ಆರ್ ಒಟ್ಟಿಗೆ ಒತ್ತಿ, ಕಂಟ್ರೋಲ್ ಮತ್ತು ವಿ ಒತ್ತಿ, ಎಂಟರ್ ಒತ್ತಿ. ಕ್ಲಿಕ್ ಮಾಡಿದಾಗಲೇ ಅದು ಒಂದು ಆಜ್ಞೆಯನ್ನು, ನಕಲು ಮಾಡಿದ್ದು ತಾತ್ಕಾಲಿಕವಾಗಿ ಕೂರುವ ನಿಮ್ಮ ಕ್ಲಿಪ್‌ಬೋರ್ಡಿಗೆ ನಕಲು ಮಾಡಿರುತ್ತದೆ. ಮೂರು ಹೆಜ್ಜೆಯಲ್ಲಿ ನೀವೇ ಅದನ್ನು ಓಡಿಸುತ್ತೀರಿ. ನಿಜವಾದ ಯಾವ ಪರೀಕ್ಷೆಯೂ ಹೀಗೆ ಕೀಲಿ ಒತ್ತಿಸುವುದಿಲ್ಲ. ‘ಲುಮ್ಮಾ’ ಎಂಬ ಕಳ್ಳ ತಂತ್ರಾಂಶ ಹರಡಿದ ಮಾರ್ಗಗಳಲ್ಲಿ ಇದೊಂದು. 2025ರ ಮಾರ್ಚ್ 16ರಿಂದ ಮೇ 16ರೊಳಗೆ 3,94,000ಕ್ಕೂ ಹೆಚ್ಚು ವಿಂಡೋಸ್ ಕಂಪ್ಯೂಟರುಗಳಲ್ಲಿ ಅದನ್ನು ಕಂಡದ್ದಾಗಿ ಮೈಕ್ರೋಸಾಫ್ಟ್ ಹೇಳಿದೆ.

ಎರಡನೆಯದು ಕಡತದ ಹೆಸರಿನ ಬಾಲ. ವಿಂಡೋಸ್ ಅದನ್ನು ಬಚ್ಚಿಡುತ್ತದೆ. ‘ಮದುವೆ ಆಮಂತ್ರಣ ಡಾಟ್ ಪಿಡಿಎಫ್’ ಎಂದು ಕಾಣುವ ಕಡತದ ಪೂರ್ತಿ ಹೆಸರು ‘ಮದುವೆ ಆಮಂತ್ರಣ ಡಾಟ್ ಪಿಡಿಎಫ್ ಡಾಟ್ ಇಎಕ್ಸ್ಇ’ ಆಗಿರಬಹುದು, ಅಂದರೆ ಪ್ರೋಗ್ರಾಂ. ಫೈಲ್ ಎಕ್ಸ್‌ಪ್ಲೋರರಿನ ‘ವ್ಯೂ’ ಪಟ್ಟಿಯಲ್ಲಿ ‘ಫೈಲ್ ನೇಮ್ ಎಕ್ಸ್‌ಟೆನ್ಷನ್ಸ್’ ಎಂಬುದಕ್ಕೆ ಗುರುತು ಹಾಕಿದರೆ ಬಾಲ ಕಾಣತೊಡಗುತ್ತದೆ. ಅರ್ಧ ನಿಮಿಷದ ಕೆಲಸ, ಇವತ್ತೇ ಮಾಡಿ. ಮೊಬೈಲಿನಲ್ಲಿ ಇದೇ ವೇಷ ಎಪಿಕೆ ಕಡತವಾಗಿ, ಅಂದರೆ ಆ್ಯಪ್ ಹಾಕುವ ಕಡತವಾಗಿ, ವಾಟ್ಸ್‌ಆ್ಯಪ್‌ನಲ್ಲಿ ಬರುತ್ತದೆ. ಆಮಂತ್ರಣವೇ ಆಗಲಿ, ವಾಹನದ ದಂಡದ ಚಲನ್ ಎಂದೇ ಆಗಲಿ, ಎಪಿಕೆ ಆಗಿದ್ದರೆ ಮುಟ್ಟಬೇಡಿ.

ಜೆರಾಕ್ಸ್ ಅಂಗಡಿಗೆ ಪೆನ್‌ಡ್ರೈವ್ ಒಯ್ಯುವುದಿದ್ದರೆ ಅದಕ್ಕೇ ಒಂದನ್ನು ಮೀಸಲಿಡಿ, ಬ್ಯಾಕಪ್ ಅದರಲ್ಲಿ ಇರಬಾರದು. ಅಲ್ಲಿ ವಾಟ್ಸ್‌ಆ್ಯಪ್ ವೆಬ್ ತೆರೆದಿದ್ದರೆ ಮನೆಗೆ ಬಂದು ಮೊಬೈಲಿನ ‘ಲಿಂಕ್ಡ್ ಡಿವೈಸಸ್’ನಿಂದ ಲಾಗ್‌ಔಟ್ ಮಾಡಿ. ಮಗಳಿಗೆ ಕಂಪ್ಯೂಟರಿನಲ್ಲಿ ‘ಸ್ಟ್ಯಾಂಡರ್ಡ್’ ಖಾತೆ (ಕಂಪ್ಯೂಟರಿನ ಮುಖ್ಯ ಸೆಟ್ಟಿಂಗ್ಸ್ ಬದಲಿಸುವ ಅಧಿಕಾರವಿಲ್ಲದ್ದು) ಮಾಡಿಕೊಡಿ, ನೀವೂ ದಿನನಿತ್ಯ ಅದನ್ನೇ ಬಳಸಿ. ವೈಫೈ ರೂಟರಿನ ಪಾಸ್‌ವರ್ಡ್ ಪೆಟ್ಟಿಗೆಯ ಮೇಲೆ ಅಚ್ಚಾದದ್ದೇ ಆಗಿದ್ದರೆ ಬದಲಿಸಿ.

ಪಾಸ್‌ವರ್ಡ್‌ಗಳ ಪೈಕಿ ಮೊದಲು ಗಮನ ಕೊಡಬೇಕಾದದ್ದು ಬ್ಯಾಂಕಿನದಕ್ಕಲ್ಲ, ಇಮೇಲ್‌ನದಕ್ಕೆ. ಮನೆಯ ಎಲ್ಲ ಬೀಗದ ಕೈಗಳನ್ನು ತೂಗುಹಾಕಿದ ಗೂಟ ಅದು: ‘ಪಾಸ್‌ವರ್ಡ್ ಮರೆತಿದ್ದೇನೆ’ ಎಂದರೆ ಉಳಿದ ಬಹುಪಾಲು ಖಾತೆಗಳು ಹೊಸ ಪಾಸ್‌ವರ್ಡಿನ ಕೊಂಡಿಯನ್ನು ಕಳಿಸುವುದು ಅಲ್ಲಿಗೇ. ಆದ್ದರಿಂದ ಅದಕ್ಕೆ ಬೇರೆಲ್ಲೂ ಬಳಸದ ಉದ್ದನೆಯ ಪಾಸ್‌ವರ್ಡ್ ಬೇಕು. ಒಂದಕ್ಕೊಂದು ಸಂಬಂಧವಿಲ್ಲದ ನಾಲ್ಕೈದು ಕನ್ನಡ ಪದಗಳನ್ನು ಇಂಗ್ಲಿಷ್ ಅಕ್ಷರಗಳಲ್ಲಿ ಬರೆದರೆ ಸೊಗಸಾಗುತ್ತದೆ. ಚಕ್ಕಡಿ, ಹೀರೇಕಾಯಿ, ತಂಬೂರಿ, ಮೊಣಕೈ ಎಂಬಂತೆ. ಇದನ್ನೇ ಬಳಸಬೇಡಿ, ನಿಮ್ಮದನ್ನು ನೀವೇ ಆರಿಸಿ. ಗಾದೆ, ಹಾಡಿನ ಸಾಲು, ಮನೆದೇವರ ಹೆಸರು, ಹುಟ್ಟಿದ ವರ್ಷ ಬೇಡ. ಮೂರು ತಿಂಗಳಿಗೊಮ್ಮೆ ಬದಲಿಸುವ ಹಳೆಯ ಪದ್ಧತಿಯನ್ನು ಅಮೆರಿಕದ ಮಾನಕ ಸಂಸ್ಥೆ ನಿಸ್ಟ್ 2017ರಲ್ಲೇ ಕೈಬಿಟ್ಟಿತು, ಸೋರಿಕೆಯಾದ ಸುಳಿವು ಇದ್ದಾಗ ಬದಲಿಸಿದರೆ ಸಾಕು. ಎಲ್ಲವನ್ನೂ ನೆನಪಿಡಲಾಗದಿದ್ದರೆ ಬಿಟ್‌ವಾರ್ಡನ್‌ನಂಥ ಪಾಸ್‌ವರ್ಡ್ ಮ್ಯಾನೇಜರ್ ಬಳಸಿ. ತಂದೆಯವರಿಗೆ ಅದು ಕಷ್ಟವಾದರೆ ಒಂದು ನೋಟ್‌ಬುಕ್‌ನಲ್ಲಿ ಬರೆದು ಕಪಾಟಿನಲ್ಲಿಟ್ಟರೂ ನನ್ನ ಅಭ್ಯಂತರವಿಲ್ಲ. ರಷ್ಯಾದಲ್ಲಿ ಕುಳಿತ ಕಳ್ಳನ ಕೈ ನಿಮ್ಮ ಕಪಾಟಿಗೆ ನಿಲುಕುವುದಿಲ್ಲ.

ಇಮೇಲ್‌ಗೆ ಎರಡು ಹಂತದ ಪರಿಶೀಲನೆ (ಪಾಸ್‌ವರ್ಡ್ ಜೊತೆಗೆ ಮೊಬೈಲಿನಲ್ಲೂ ಖಚಿತಪಡಿಸುವುದು) ಆನ್ ಮಾಡಿ, ಅದು ಕೊಡುವ ಬ್ಯಾಕಪ್ ಸಂಕೇತಗಳನ್ನು ಮುದ್ರಿಸಿ ಜಮೀನಿನ ಕಾಗದಗಳ ಜೊತೆಗಿಡಿ. ಮೊಬೈಲ್ ಕಳೆದ ದಿನ ಅವು ನಿಮ್ಮನ್ನು ಕಾಯುತ್ತವೆ. ಕಂಪ್ಯೂಟರಿಗೆ ಕಳ್ಳ ತಂತ್ರಾಂಶ ಹೊಕ್ಕಿದೆ ಎಂಬ ಅನುಮಾನ ಬಂದರೆ ಮಾತ್ರ ಪಾಸ್‌ವರ್ಡ್ ಬದಲಿಸುವುದರ ಜೊತೆಗೆ ಎಲ್ಲ ಸಾಧನಗಳಿಂದಲೂ ಲಾಗ್‌ಔಟ್ ಮಾಡಬೇಕು, ಅದೂ ಬೇರೊಂದು ಶುದ್ಧವಾದ ಸಾಧನದಿಂದ. ಬ್ರೌಸರಿನಲ್ಲಿ ಉಳಿದಿರುವ ಲಾಗಿನ್ ಗುರುತನ್ನೇ ಕದ್ದವನಿಗೆ ಪಾಸ್‌ವರ್ಡೂ ಬೇಡ, ಒಟಿಪಿಯೂ ಬೇಡ.

ನೆಟ್ ಬ್ಯಾಂಕಿಂಗ್ ಬಗ್ಗೆ: ಅಸಲಿ, ಅಪ್‌ಡೇಟ್ ಆದ ಕಂಪ್ಯೂಟರಿನಲ್ಲಿ ಧೈರ್ಯವಾಗಿ ಮಾಡಿ. ಬ್ಯಾಂಕಿನ ವಿಳಾಸವನ್ನು ಒಮ್ಮೆ ಸರಿಯಾಗಿ ಟೈಪ್ ಮಾಡಿ ಬುಕ್‌ಮಾರ್ಕ್ ಮಾಡಿಟ್ಟುಕೊಳ್ಳಿ, ಸದಾ ಅದರಿಂದಲೇ ಹೋಗಿ. ಗ್ರಾಹಕ ಸೇವೆಯ ಸಂಖ್ಯೆಯನ್ನು ಇಂಟರ್‌ನೆಟ್ಟಿನಲ್ಲಿ ಹುಡುಕಬೇಡಿ. ಪಾಸ್‌ಬುಕ್ಕಿನಲ್ಲೋ ಕಾರ್ಡಿನ ಬೆನ್ನಲ್ಲೋ ಇರುವುದನ್ನೇ ಬಳಸಿ. ಯಾರೇ ಕರೆ ಮಾಡಿ ಎನಿಡೆಸ್ಕ್‌ನಂಥ, ದೂರದಿಂದ ಪರದೆ ನೋಡುವ ಆ್ಯಪ್ ಹಾಕಿಕೊಳ್ಳಿ ಎಂದರೆ ಮಾತು ಮುಂದುವರಿಸದೆ ಫೋನ್ ಇಡಿ. ಈ ವಂಚನೆಯ ಬಗ್ಗೆ ರಿಸರ್ವ್ ಬ್ಯಾಂಕ್ 2019ರ ಫೆಬ್ರವರಿಯಲ್ಲೇ ಬ್ಯಾಂಕುಗಳನ್ನು ಎಚ್ಚರಿಸಿತ್ತು, ಇಂದಿಗೂ ಅದು ನಿಂತಿಲ್ಲ.

ಹಣ ಹೋದರೆ ನಾಚಿಕೆಯಿಂದ ಸುಮ್ಮನಿರುವುದೇ ದೊಡ್ಡ ನಷ್ಟ. ನಿಮ್ಮ ಜಿಲ್ಲೆಯ ಸಿಇಎನ್ (ಸೈಬರ್, ಆರ್ಥಿಕ, ಮಾದಕವಸ್ತು ಅಪರಾಧ) ಪೊಲೀಸ್ ಠಾಣೆ ಕಾರವಾರದಲ್ಲಿದೆ, ಘಟ್ಟ ಇಳಿದು ಅಲ್ಲಿಗೆ ಹೋಗುವಷ್ಟರಲ್ಲಿ ಹಣ ನಾಲ್ಕು ಖಾತೆ ದಾಟಿರುತ್ತದೆ. ಮೊದಲು 1930ಕ್ಕೆ ಕರೆ ಮಾಡಿ, ರಾಷ್ಟ್ರೀಯ ಸೈಬರ್ ಅಪರಾಧ ಪೋರ್ಟಲಿನಲ್ಲಿ ದೂರು ದಾಖಲಿಸಿ, ವ್ಯವಹಾರದ ಸಂಖ್ಯೆಯನ್ನು ಕೈಯಲ್ಲಿಟ್ಟುಕೊಂಡಿರಿ. ಜೊತೆಗೇ ಬ್ಯಾಂಕಿಗೆ ತಿಳಿಸಿ. ರಿಸರ್ವ್ ಬ್ಯಾಂಕಿನ 2017ರ ಜುಲೈ 6ರ ಸುತ್ತೋಲೆ ತಂದ ನಿಯಮದ ಪ್ರಕಾರ, ನಿಮ್ಮದೂ ಬ್ಯಾಂಕಿನದೂ ತಪ್ಪಿಲ್ಲದೆ ಮೂರನೆಯವರಿಂದ ನಡೆದ ವಂಚನೆಯನ್ನು ಬ್ಯಾಂಕಿನ ಸಂದೇಶ ಬಂದ ಮೂರು ಕೆಲಸದ ದಿನಗಳೊಳಗೆ ತಿಳಿಸಿದರೆ ನಷ್ಟ ನಿಮ್ಮ ತಲೆಗೆ ಬರುವುದಿಲ್ಲ. ಒಟಿಪಿಯನ್ನು ನೀವೇ ಹೇಳಿಬಿಟ್ಟಿದ್ದರೂ, ತಿಳಿಸಿದ ಗಳಿಗೆಯ ನಂತರ ಹೋದ ಹಣ ಬ್ಯಾಂಕಿನ ಹೊಣೆ. ಆದ್ದರಿಂದ ಬ್ಯಾಂಕಿಗೆ ಕೊಟ್ಟ ದೂರಿನ ಪ್ರತಿಯ ಮೇಲೆ ದಿನಾಂಕದೊಂದಿಗೆ ಸಮಯವನ್ನೂ ಬರೆಸಿ, ಮೊಹರು ಹಾಕಿಸಿಕೊಂಡೇ ಬನ್ನಿ.